ಹಲಗೆಗೆ ಉಜ್ಜಿದ ತೊಂಡೆಸೊಪ್ಪು

ತೊಂಡೆಸೊಪ್ಪು ಜಜ್ಜಿದ ಹಸಿ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನಾನು ಅಲ್ಲಿಂದ ಸರಿದು ಹೋಗುತ್ತೇನೆ. ಸೊಪ್ಪಿನ ತಪ್ಪೇನೂ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಯಲಹಂಕದ ಆಚೆ ನಮ್ಮೂರಿನಲ್ಲಿ ಏಳನೇ ಕ್ಲಾಸಿನವರೆಗೆ ಎರಡು ಕೋಣೆಯ ಶಾಲೆಯಿತ್ತು. ಕರಿಹಲಗೆ ಬಿಳುಚಿದಾಗಲೆಲ್ಲ ನಾವೇ ಬೇಲಿಯಿಂದ ಆ ಸೊಪ್ಪು ಕಿತ್ತು, ಇದ್ದಿಲಿನ ಜೊತೆ ಅರೆದು ಉಜ್ಜುತ್ತಿದ್ದೆವು. ನೀವೂ ಉಜ್ಜಿರಬಹುದು. ಅದು ಒಣಗುವವರೆಗೆ ಪಾಠವಿಲ್ಲ. ಹೊಂಗೆಮರದ ಕೆಳಗೆ ಕೂತು ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನಗಳಿಗೆ ಕೈಬೀಸುವುದೇ ಕೆಲಸ. ಇದಕ್ಕೆಲ್ಲ ಮುಂದಾಳು ಆರನೇ ಕ್ಲಾಸಿನಲ್ಲಿದ್ದ ನನ್ನ ಅಕ್ಕ ರತ್ನ. ಮೇಷ್ಟ್ರು ಬರದ ದಿನ ಚಿಕ್ಕವರಿಗೆ ಮಗ್ಗಿ ಹೇಳಿಕೊಡುತ್ತಿದ್ದವಳೂ ಅವಳೇ. ಮುಂದೆ ತಾನೂ ಟೀಚರ್ ಆಗುತ್ತೇನೆಂದು ಬೀಗುತ್ತಿದ್ದಳು.

ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸುತ್ತಾರೆಂಬ ಸುದ್ದಿ ಬಂತು. ಮಕ್ಕಳೆಷ್ಟಿದ್ದಾರೆಂದು ನೋಡಲು ಒಂದು ದಿನ ಇಲಾಖೆಯ ಸಾಹೇಬರು ಮಧ್ಯಾಹ್ನ ಬರುವವರಿದ್ದರು. "ಅಲಗೆ ಮಿರಮಿರ ಅನ್ಬೇಕು ಕಣ್ರೋ" ಎಂದು ಅಕ್ಕ ಬೆಳಗ್ಗೆಯೇ ದೊಡ್ಡ ಮಕ್ಕಳನ್ನೆಲ್ಲ ಕೆರೆಯಂಚಿನ ಬೇಲಿಗೆ ಹೊರಡಿಸಿದಳು. ಸಾಹೇಬರು ಹತ್ತು ಗಂಟೆಗೇ ಜೀಪಿನಿಂದಿಳಿದರು. ಒಳಗಿದ್ದವರು ನಾವು ಒಂಬತ್ತು ಜನ ಚಿಕ್ಕವರು. "ಸೊಪ್ಪಿಗೆ ಹೋಗವ್ರೆ ಸಾರ್, ಸ್ವಲ್ಪ ಕೂತ್ಕೊಳಿ, ಬಂದ್ಬಿಡ್ತಾರೆ" ಎಂದು ಮೇಷ್ಟ್ರು ಅಂಗಲಾಚಿದರು. "ಶಾಲೆ ನಡೆಸ್ತಿದ್ದೀರೋ, ಸೊಪ್ಪಿನ ವ್ಯಾಪಾರಾನೋ?" ಎಂದು ಆತ ನಕ್ಕ. ಎಳನೀರು ಕುಡಿಯಲು ಹೊತ್ತಿತ್ತು ಆ ಮನುಷ್ಯನಿಗೆ, ಮಕ್ಕಳಿಗಾಗಿ ಕಾಯಲು ಇರಲಿಲ್ಲ. ಒಂಬತ್ತು ಎಂದು ಬರೆದುಕೊಂಡು, ಬುರುಡೆಯನ್ನು ನಮ್ಮ ಬಾಗಿಲಲ್ಲೇ ಎಸೆದು ಹೊರಟ. ಥೂ, ಆ ನಗು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅಕ್ಕ ಲಂಗದ ತುಂಬ ಸೊಪ್ಪು ಕಟ್ಟಿಕೊಂಡು ಓಡಿ ಬಂದಾಗ ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ.

ಜೂನ್‌ನಲ್ಲಿ ಶಾಲೆಗೆ ಬೀಗ ಬಿತ್ತು. ದೊಡ್ಡ ಶಾಲೆ ಲಾರಿಗಳು ನುಗ್ಗುವ ಬಳ್ಳಾರಿ ರಸ್ತೆಯಾಚೆ. "ಬೆಳೆದ ಉಡ್ಗೀನ ಅಷ್ಟು ದೂರ ಕಳ್ಸಕ್ಕಾಗಲ್ಲ" ಎಂದಳು ಅವ್ವ. ಅಕ್ಕನ ಓದು ಅಲ್ಲಿಗೇ ಮುಗಿಯಿತು. ಚಿಕ್ಕವಳಾದ ನನ್ನನ್ನು ಅಪ್ಪ ಸೈಕಲ್ಲಿನಲ್ಲಿ ಬಿಟ್ಟುಬರುತ್ತಿದ್ದ. ಒಂದು ಬೆಂಚಿಗೆ ಆರು ಜನ, ಕಿಟಕಿಯಿಂದ ಮೂತ್ರದ ನಾತ, ಹೆಸರು ಹಿಡಿದು ಕರೆಯುವವರೇ ಇಲ್ಲ. ಇದನ್ನು ಇಲಾಖೆಯವರು ಸುಧಾರಣೆ ಎಂದರು.

ಈಗ ನಮ್ಮೂರಿನ ಆ ಶಾಲೆಯೂ ಇಲ್ಲ, ಹೊಂಗೆಮರವೂ ಇಲ್ಲ, ಎಲ್ಲ ಸೈಟುಗಳಾಗಿವೆ. ಮೊನ್ನೆ ಅವಳ ಮನೆಗೆ ಹೋದಾಗ ಅಕ್ಕ ತನ್ನ ಕಾಂಪೌಂಡಿಗೆ ತಾನಾಗಿ ಹಬ್ಬಿದ್ದ ತೊಂಡೆಬಳ್ಳಿಯನ್ನು ಬೇರುಸಮೇತ ಕೀಳುತ್ತಿದ್ದಳು. ಇರಲಿ ಬಿಡಕ್ಕ ಎಂದೆ. "ಅವತ್ತು ನಾನು ಎಲ್ರನ್ನೂ ಕರ್ಕೊಂಡ್ ಓಗ್ದಿದ್ರೆ ಇಸ್ಕೂಲ್ ಉಳೀತಿತ್ತು ಕಣೆ" ಎಂದಳು.

ಆ ಸಾಹೇಬ ಅದೇ ಸಂಜೆ ನಮ್ಮೂರಿನ ಹೆಸರನ್ನೂ ಮರೆತಿರುತ್ತಾನೆ. ಅಕ್ಕ ನಲ್ಲಿಯ ಕೆಳಗೆ ಕೂತು, ಹಸಿರಾದ ಕೈಗಳಿಗೆ ಮತ್ತೆ ಮತ್ತೆ ಸೋಪು ಹಚ್ಚುತ್ತಿದ್ದಳು.