ಗೋಡೌನಿನ ಹೊರಗಿನ ಗುಂಯ್‌ಗುಡುವಿಕೆ

ನನಗೆ ಗಿಟಾರ್ ಕಲಿಸಿದವರು ಯಾರೂ ಇಲ್ಲ. ಮಸಿನಗುಡಿಯಲ್ಲಿ ನಮ್ಮದು ತರಕಾರಿ ವ್ಯಾಪಾರ; ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದವರು. ಒಮ್ಮೆ ರೆಸಾರ್ಟಿಗೆ ಎಲೆಕೋಸು ಇಳಿಸಲು ಹೋದಾಗ, ಅಲ್ಲಿನ ಜೀಪ್ ಡ್ರೈವರ್ ಹಾಕಿದ್ದ ಪೆನ್‌ಡ್ರೈವಿನಲ್ಲಿ ಮೊದಲ ಸಲ ಬ್ಲೂಸ್ ಎಂಬ ಅಮೆರಿಕದ ಕಪ್ಪು ಜನರ ನೋವಿನ ಹಾಡು ಕೇಳಿದೆ. ಮಾತು ಅರ್ಥವಾಗಲಿಲ್ಲ. ಆದರೆ ಆ ಮುದಿ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಜಾರಿ, ನೋಯುವ ಜಾಗದಲ್ಲೇ ನಿಂತುಬಿಡುತ್ತಿತ್ತು. ನಮ್ಮ ಮನೆ ಹಿಂದಿನ ಓಣಿಯ ಫಾರೆಸ್ಟ್ ವಾಚರ್ ಅಣ್ಣನ ತಾಯಿ ತೀರಿಕೊಂಡಾಗ ಅವರ ಜನ ಕಾಡಂಚಿನಲ್ಲಿ ಕೂತು ಹಾಗೆಯೇ ಹಾಡಿಕೊಂಡು ಅತ್ತಿದ್ದರು. ಹಳೇ ಗಿಟಾರೊಂದನ್ನು ಕೊಂಡು ಅದನ್ನೇ ತಂತಿಯ ಮೇಲೆ ಹುಡುಕತೊಡಗಿದೆ.

ಫೋನಿನಲ್ಲಿ ಹಾಡುಗಳನ್ನು ನಿಧಾನಗೊಳಿಸಿ ಕಲಿತೆ. ಕಿರುಬೆರಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸಲು ಪೈಪಿನ ತುಂಡೊಂದನ್ನು ಉಜ್ಜಿ ಕೊಟ್ಟ ಗೂಡಲೂರಿನ ಮೆಕ್ಯಾನಿಕ್ಕೇ ಮುಂದೆ ನಮ್ಮ ಬೇಸ್ ಗಿಟಾರ್ ವಾದಕನಾದ. ನಡುವಟ್ಟಂನ ಟೀ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವನು ಡ್ರಮ್ಮಿಗೆ ಬಂದ. ಭಾನುವಾರ ಸಂಜೆ ನಮ್ಮ ಗೋಡೌನಿನಲ್ಲಿ ಅಭ್ಯಾಸ.

ಆ ಬೇಸಿಗೆಯಲ್ಲಿ ಒಂಟಿ ಸಲಗವೊಂದು ಊರೊಳಗೆ ಓಡಾಡತೊಡಗಿತು.

"ತಮ್ಮಾ, ಅದು ಹೆದರೋದು ಬಿಟ್ಟುಬಿಟ್ಟಿದೆ. ಪಟಾಕಿ ಹೊಡೆದ್ರೂ ನಿಂತು ನೋಡ್ತದೆ," ಎಂದ ವಾಚರ್ ಅಣ್ಣ. ನಾವು ಶಟರ್ ಎಳೆದುಕೊಂಡು ನುಡಿಸಿದೆವು.

ಒಂದು ಭಾನುವಾರ, ಇನ್ನೂ ಬೆಳಕಿತ್ತು. ಬೀದಿನಾಯಿಗಳು ಬೊಗಳಿ ಬೊಗಳಿ ಥಟ್ಟನೆ ಸುಮ್ಮನಾದವು. ಬೇಸ್ ಅತಿಯಾಯಿತೆನಿಸಿ, "ಸ್ವಲ್ಪ ತಗ್ಗಿಸೋ," ಎಂದೆ. ಮೆಕ್ಯಾನಿಕ್ ಎರಡೂ ಕೈಯನ್ನು ತಂತಿಯಿಂದ ಎತ್ತಿ ತೋರಿಸಿದ. ಆ ಗುಂಯ್‌ಗುಡುವಿಕೆ ನಿಲ್ಲಲಿಲ್ಲ; ಅದು ಗೋಡೆಯ ಹೊರಗಿನಿಂದ ಬರುತ್ತಿತ್ತು.

ಡ್ರಮ್ಮಿನವನ ಕೋಲುಗಳು ಗಾಳಿಯಲ್ಲೇ ನಿಂತವು. ನನ್ನ ಕೈ ಮಾತ್ರ ಒಂದೇ ಸ್ವರಗುಚ್ಛವನ್ನು ಮೀಟುತ್ತಲೇ ಇತ್ತು.

"ನಿಲ್ಲಿಸ್ಬೇಡ," ಮೆಕ್ಯಾನಿಕ್ ತುಟಿಯಲ್ಲೇ ಅಂದ.

ಶಟರ್ ಒಳಕ್ಕೆ ಉಬ್ಬಿತು. ಮುರಿದ ಕಿಟಕಿಯಿಂದ ಸೊಂಡಿಲು ಇಳಿದು, ಎಲೆಕೋಸಿನ ಮೂಟೆಯೊಂದನ್ನು ತಡವಿ ಎಳೆದುಕೊಂಡಿತು. ಅದು ಹೊರಗೆ ಮೆಲ್ಲುವ ಸದ್ದು ಕೇಳುತ್ತಾ ನಾನು ನುಡಿಸಿದೆ. ಬೆರಳು ಒಡೆದು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು.

ಎಲ್ಲ ಅಡಗಿದ ಮೇಲೆ ಶಟರ್ ಎತ್ತಿದರೆ, ನೀರಿನ ಟ್ಯಾಂಕಿನ ಹಿಂದಿನಿಂದ ವಾಚರ್ ಅಣ್ಣ ಎದ್ದುಬಂದ. ನಮ್ಮನ್ನು ಎಚ್ಚರಿಸಲು ಓಡಿ ಬಂದವನು ಆನೆಯಿಂದ ಕೈಯಳತೆ ದೂರದಲ್ಲಿ ಸಿಕ್ಕಿಬಿದ್ದಿದ್ದ.

"ಓಡಿ ಬರ್ತಾ ಕೂಗಿದ್ದು ಕೇಳಲಿಲ್ವಾ?" ಎಂದ. ಅವನು ನನ್ನ ಭುಜ ಹಿಡಿದುಕೊಂಡ. "ಒಳ್ಳೇದೇ ಆಯ್ತು. ನೀನು ನಿಲ್ಲಿಸಿದ್ರೆ ಅದಕ್ಕೆ ನನ್ನ ಉಸಿರು ಕೇಳ್ತಿತ್ತು. ನಾಳೆ ಇಲ್ಲಿ ಯಾರೂ ಇರಬೇಡಿ. ಕೋಸಿನ ರುಚಿ ಹತ್ತಿದೆ, ಮತ್ತೆ ಬರ್ತದೆ."

ಅಪ್ಪ ಅಂದೇ ಸರಕನ್ನೆಲ್ಲ ಸಾಗಿಸಿದರು. ಮರುದಿನ ಸಲಗ ಬಂದು, ಏನೂ ಸಿಗದೆ, ಗೋಡೆಯನ್ನೇ ಕೆಡವಿ ಹೋಯಿತು.

ನಮ್ಮ ಬ್ಯಾಂಡ್ ಒಡೆಯಲಿಲ್ಲ. ಈಗ ಗೂಡಲೂರಿನ ಮೆಕ್ಯಾನಿಕ್ ಶೆಡ್ಡಿನಲ್ಲಿ ಸೇರುತ್ತೇವೆ. ಊಟಿಯ ಹೋಟೆಲುಗಳಿಂದ ಕರೆಯೂ ಬರುತ್ತದೆ. ಮೊನ್ನೆ ಶೆಡ್ಡಿನ ಹಿಂದೆ ಹಲಸಿನ ಮರದಡಿ ಆನೆಯ ಹಸಿ ಲದ್ದಿ ಬಿದ್ದಿತ್ತು. ಮೂವರೂ ನೋಡಿದೆವು. ಒಳಗೆ ಹೋಗಿ ನುಡಿಸತೊಡಗಿದೆವು.