ತಳ್ಳುವವರನ್ನು ಹುಡುಕಿಕೊಂಡು ಸೀತೂರಿಗೆ

ಕಮ್ಮರಡಿಯಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿದಾಗ ನನ್ನ ಹತ್ತಿರ ಇದ್ದದ್ದು ಒಂದು ಕೈಚೀಲ. ಅದರೊಳಗೆ ಒಂದು ಜೊತೆ ಬಟ್ಟೆ, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಸೀತೂರಿನ ಧರ್ಮಣ್ಣನಿಗೆ. ದೊಡ್ಡದೇನಾದರೂ ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ನಾನು ಕೇಳಲು ಹೊರಟಿದ್ದು ದೊಡ್ಡದೇ. ಧರ್ಮಣ್ಣ ತಮ್ಮ ಹಳೇ ಚೈನ್ ಡೋಜರ್ ತಂದು, ನನ್ನ ಸ್ಕ್ರೇಪರನ್ನು ಇನ್ನೊಂದು ಸಲ ಹಿಂದಿನಿಂದ ತಳ್ಳಬೇಕು. ಫೋನಿನಲ್ಲಿ ಕೇಳಿದರೆ ಇಲ್ಲ ಅನ್ನುವುದು ಸಲೀಸು. ಅದಕ್ಕೇ ಬರ್ತೇನೆ ಅಂತಷ್ಟೇ ಫೋನಿನಲ್ಲಿ ಹೇಳಿ, ಎದುರಿಗೆ ಹೋಗಿ ಕೂತು ಕೇಳೋಣ ಅಂತ ಹೊರಟೆ.

ಸ್ಕ್ರೇಪರ್ ಅಂದರೆ ಈಗಿನವರು ಕಣ್ಣು ಕಣ್ಣು ಬಿಡುತ್ತಾರೆ. ನಾಲ್ಕು ಗಾಲಿಯ ಮೇಲೆ ಕೂತ ಕಬ್ಬಿಣದ ದೊಡ್ಡ ತೊಟ್ಟಿ ಅದು. ನಾವು ಬೌಲ್ ಅನ್ನುತ್ತಿದ್ದೆವು. ಬೌಲಿನ ಬಾಯಿಗೆ ಉದ್ದಕ್ಕೂ ಬ್ಲೇಡು. ಮುಂದೆ ಟ್ರ್ಯಾಕ್ಟರ್ ಎಳೆದರೆ ತೆಂಗಿನಕಾಯಿ ತುರಿದ ಹಾಗೆ ನೆಲ ತುರಿದು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ತಗ್ಗು ಇದ್ದಲ್ಲಿಗೆ ಹೋಗಿ ತೆಳ್ಳಗೆ ಹರವಿ ಬರುತ್ತದೆ. ಆದರೆ ನಮ್ಮ ಕಡೆಯ ಗಟ್ಟಿ ಮಣ್ಣಿನಲ್ಲಿ ಎಳೆಯುವವನೊಬ್ಬನಿಂದ ಬೌಲ್ ತುಂಬುವುದಿಲ್ಲ. ಹಿಂದಿನಿಂದ ಡೋಜರ್ ತಳ್ಳಲೇಬೇಕು. ಕೆರೆ ಕಾಲುವೆ ಕೆಲಸಗಳಲ್ಲಿ ಮುಂದೆ ಟ್ರ್ಯಾಕ್ಟರಿನಲ್ಲಿ ನಾನು, ಹಿಂದೆ ಡೋಜರಿನಲ್ಲಿ ಧರ್ಮಣ್ಣ. ಕಂಟ್ರಾಕ್ಟರು ಕೆಲಸ ಬಿಟ್ಟಾಗ ಗುಜರಿಗೆ ಹೊರಟಿದ್ದ ಸ್ಕ್ರೇಪರನ್ನು ನಾನು ತಂದೆ, ಡೋಜರನ್ನು ಅವರು ಇಟ್ಟುಕೊಂಡರು.

ಊರಲ್ಲಿ ಅದಕ್ಕೆ ಕಬ್ಬಿಣದ ಎಮ್ಮೆ ಅಂತ ಹೆಸರು. 'ಎಂತ ಮಾರಾಯ, ನಿನ್ನ ಎಮ್ಮೆ ಕರು ಹಾಕ್ತಾ?' ಅಂತ ಹೋಟೆಲಿನಲ್ಲಿ ಕೇಳದವರಿಲ್ಲ. ಕೇಳಿಕೊಳ್ಳಲಿ. ಮಳೆಗಾಲದಲ್ಲಿ ಗಾಲಿ ಕೆಸರಿಗೆ ತಾಗದಂತೆ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸುತ್ತೇನೆ, ಬ್ಲೇಡಿಗೆ ಸುಟ್ಟ ಆಯಿಲ್ ಬಳಿಯುತ್ತೇನೆ, ರಾಟೆಗಳಿಗೆ ಗ್ರೀಸ್ ತುಂಬುತ್ತೇನೆ. ತುಂಬುತ್ತಾ ಅದರ ಹತ್ತಿರ ಮಾತಾಡುತ್ತೇನೆ. ಹೆಂಡತಿ ಹೋದ ಮೇಲೆ ನಾನು ದಿನಾ ಮಾತಾಡುವುದು ಅದೊಂದರ ಜೊತೆಗೇ. ಇದರಲ್ಲಿ ನಾಚಿಕೆ ಎಂತದ್ದೂ ಇಲ್ಲ.

ಈ ಬೇಸಿಗೆಯಲ್ಲಿ ಊರಿನ ಆಟದ ಮೈದಾನ ಮಟ್ಟ ಮಾಡುವ ಮಾತು ಬಂತು. ನಾನು ಮಾಡಿಕೊಡ್ತೇನೆ ಅಂದುಬಿಟ್ಟೆ. ಹುಡುಗರು ನಕ್ಕರು, ಆದರೂ ಒಪ್ಪಿದರು. 'ಭಾನುವಾರದೊಳಗೆ ಎಮ್ಮೆ ಓಡಿದ್ರೆ ಸರಿ ಸೋಮಣ್ಣ, ಇಲ್ದಿದ್ರೆ ಹಿಟಾಚಿ ತರಿಸ್ತೇವೆ, ಬೇಜಾರ್ ಮಾಡ್ಕೋಬೇಡಿ.' ಹಿಟಾಚಿ ಬಂದರೆ ನನ್ನದು ಗುಜರಿ ಅಂತ ಊರೆದುರಿಗೆ ಸಾಬೀತಾದ ಹಾಗೆ. ಹಾಗಾಗಬಾರದು ಅಂತ ಮೊದಲು ಒಬ್ಬ ಜೆಸಿಬಿ ಡ್ರೈವರನ್ನು ಹಿಂದೆ ತಳ್ಳಲು ಕರೆದೆ. ಅಲ್ಲೇ ಎಡವಟ್ಟಾಯಿತು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ಎರಡು ಇಂಜಿನಿನ ಗಲಾಟೆಯಲ್ಲಿ ಕೂಗಿದ್ದೂ ಕೇಳಿಸುವುದಿಲ್ಲ, ಹಾರನ್ನೂ ಕೇಳಿಸುವುದಿಲ್ಲ. ಬೌಲ್ ತುಂಬಿದ ಕೂಡಲೇ ಮುಂದಿನವನು ಎಡಗೈ ಎತ್ತಬೇಕು. ಎತ್ತಿದ ಕ್ಷಣ ಹಿಂದಿನವನು ಬಿಟ್ಟು ಹಿಂದೆ ಸರಿಯಬೇಕು. ಬೇರೆ ಯಾವುದಕ್ಕೂ ಎಡಗೈ ಎತ್ತುವ ಹಾಗಿಲ್ಲ. ನೊಣ ಓಡಿಸಲಿಕ್ಕೂ ಇಲ್ಲ, ದಾರಿಯಲ್ಲಿ ಭಾವ ಸಿಕ್ಕಿದರೂ ಇಲ್ಲ. ಇದನ್ನು ಆ ಡ್ರೈವರಿಗೆ ಹೇಳಿದ್ದೆ. ಬೌಲ್ ತುಂಬಿತು, ಕೈ ಎತ್ತಿದೆ. ಪುಣ್ಯಾತ್ಮ ತಾನೂ ಕೈ ಎತ್ತಿ ಆಡಿಸಿ, ಹಲ್ಲು ಕಿರಿದು, ಇನ್ನೂ ಜೋರಾಗಿ ತಳ್ಳಿದ! ಬೌಲ್ ಎತ್ತುವ ತಂತಿಹಗ್ಗ ಪಟಾರನೆ ಕಿತ್ತುಹೋಯಿತು. ಯಾರಿಗೂ ಏಟಾಗಲಿಲ್ಲ, ಅದೇ ಭಾಗ್ಯ.

ಹಾಗಾಗಿ ಮೊದಲು ಶೃಂಗೇರಿ. ಅಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬೇಕಾದ ದಪ್ಪದ ತಂತಿಹಗ್ಗ ಇದೆ ಅಂತ ವಿಚಾರಿಸಿಟ್ಟಿದ್ದೆ. ಅಳೆದು ಕೊಡುವಾಗ ಅಂಗಡಿಯವರು 'ಆನೆ ಕಟ್ಲಿಕ್ಕಾ?' ಅಂದರು. 'ಎಮ್ಮೆಗೆ' ಅಂದೆ. ಅವರು ಮುಂದೆ ಕೇಳಲಿಲ್ಲ. ಸುರುಳಿಯನ್ನು ಗೋಣಿಚೀಲಕ್ಕೆ ಹಾಕಿ ಹೆಗಲಿಗೇರಿಸಿ, ಬಸ್ಸಿಗೆ ಹೊತ್ತಿತ್ತಲ್ಲ ಅಂತ ಹೊಳೆ ಮೆಟ್ಟಿಲಿಗೆ ಹೋಗಿ ಕೂತೆ. ಸುತ್ತ ಸಂಸಾರಗಳು. ಮೀನಿಗೆ ಮಂಡಕ್ಕಿ ಹಾಕುವವರು, ಫೋಟೋ ತೆಗೆಯುವವರು. ಒಬ್ಬರು ಫೋನು ಕೊಟ್ಟು 'ನಮ್ಮೆಲ್ಲರದ್ದೂ ಒಂದು ತೆಗಿರಿ' ಅಂದರು. ತೆಗೆದುಕೊಟ್ಟೆ. ಆಮೇಲೆ ಒಬ್ಬನೇ ಇಡ್ಲಿ ತಿಂದು ಬಸ್‌ಸ್ಟ್ಯಾಂಡಿಗೆ ಬಂದೆ.

ಕೊಪ್ಪದ ಬಸ್ಸಿನಲ್ಲಿ ಹೆಂಗಸರಿಗೆಲ್ಲ ಫ್ರೀ, ಹಾಗಾಗಿ ಸೀಟೂ ಅವರಿಗೇ. ದುಡ್ಡು ಕೊಟ್ಟ ನಾವು ಗಂಡಸರು ಜೋತಾಡಿಕೊಂಡು ನಿಂತೆವು. ಭಂಡಿಗಡಿಯ ಹೆಂಗಸೊಬ್ಬರು ನನ್ನ ಗೋಣಿ ನೋಡಿ, 'ಎಂತದಣ್ಣ ಅದು, ಬಾವಿ ಹಗ್ಗವಾ?' ಅಂದರು. ಎಂತ ಹೇಳಲಿ? ಹೌದು ಅಂದೆ. ಸ್ಕ್ರೇಪರ್, ಬೌಲ್, ತಳ್ಳುವುದು, ಕೈ ಎತ್ತುವುದು ಇಷ್ಟನ್ನೂ ಮೊದಲಿನಿಂದ ಹೇಳುವುದಕ್ಕಿಂತ ಬಾವಿ ಹಗ್ಗ ಅನ್ನುವುದೇ ವಾಸಿ. ಹೇಳದೆಯೇ ಅರ್ಥವಾಗುವ ಮನುಷ್ಯ ನನಗೆ ಉಳಿದದ್ದು ಒಬ್ಬರೇ, ಅವರ ಮನೆಗೇ ಹೊರಟಿದ್ದೇನಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಕೊಪ್ಪದಲ್ಲಿ ಊಟ, ಅಲ್ಲಿಂದ ನರಸಿಂಹರಾಜಪುರ. ಅಲ್ಲಿ ಇಳಿಯುವಾಗ ಗುಡುಗು ಶುರುವಾಗಿತ್ತು. ಸೀತೂರಿಗೆ ಬಂದು ಮುಟ್ಟಿದಾಗ ಸಂಜೆ. ಧರ್ಮಣ್ಣ ರಸ್ತೆಗೇ ಬಂದು ನಿಂತಿದ್ದರು, ಕೈಯಲ್ಲಿ ಕೊಡೆ. ಮಳೆಗೆ ತಂದಿದ್ದಾರೆ ಅಂದುಕೊಂಡೆ. ನಡೆಯುವಾಗ ನೋಡಿದರೆ ಅದನ್ನು ಊರಿಕೊಂಡೇ ನಡೆಯುತ್ತಿದ್ದರು.

'ಬಂದ್ಯಾ ಮಾರಾಯ! ಇದೆಂತ ಹೊರೆ?'

'ರೋಪು. ಕಿತ್ತುಹೋಯ್ತು ಧರ್ಮಣ್ಣ.'

'ಯಾರು ತಳ್ಳಿದ್ದು?' ಕೇಳಿದ್ದು ಅದೊಂದೇ. ಜೆಸಿಬಿಯವನ ಕತೆ ಹೇಳಿದೆ. ನಿಂತು ನಿಂತು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. 'ಟಾಟಾ ಮಾಡಿದ್ನಾ ನಿಂಗೆ! ಅಯ್ಯೋ ರಾಮ!'

ರಾತ್ರಿಯೂಟಕ್ಕೆ ಧರ್ಮಣ್ಣನ ಹೆಂಡತಿ ಲಲಿತತ್ತಿಗೆ ಅಕ್ಕಿರೊಟ್ಟಿ, ಹಲಸಿನಕಾಯಿ ಪಲ್ಯ ಮಾಡಿದ್ದರು. ಅವರಿಗೆ ನಮ್ಮ ಸಂಗತಿ ಎಲ್ಲ ಗೊತ್ತು. ನಾನು ಮೈದಾನದ ಮಾತು ಎತ್ತಿದಾಗ ಅವರು ಇನ್ನೊಂದು ರೊಟ್ಟಿ ಹಾಕಿದರು, ಭಾನುವಾರ ಅಂದಾಗ ಮತ್ತೊಂದು. ಕೊನೆಗೆ ಕೇಳಿಯೇಬಿಟ್ಟೆ. 'ಬರ್ತೀರಾ ಧರ್ಮಣ್ಣ? ಡೋಜರ್ ಸಾಗಿಸಲಿಕ್ಕೆ ಲಾರಿಯವನಿಗೆ ಹೇಳಿಟ್ಟಿದ್ದೇನೆ.' ಅವರು ಉಪ್ಪಿನಕಾಯಿ ಚೀಪುತ್ತಾ, 'ಬೆಳಿಗ್ಗೆ ನೋಡುವ, ಗಾಡಿ ಸ್ಟಾರ್ಟಾಗ್ತದಾ ಅಂತ' ಅಂದರು. ಇಲ್ಲ ಅನ್ನಲಿಲ್ಲವಲ್ಲ! ನನಗೆ ಅಷ್ಟೇ ಸಾಕಾಯಿತು. ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ತಗಡಿನ ಶೆಡ್ಡಿಗೆ ಹೋದೆವು. ಡೋಜರ್ ಮೇಲೆ ಒಂದು ಕಸ ಇಲ್ಲ. ಚೈನಿನ ಪಿನ್ನುಗಳಿಗೆ ಎಣ್ಣೆ ಬಿಟ್ಟಿದ್ದರು. ಹೊಗೆ ಕೊಳವೆಗೆ ನೀರಿಳಿಯದಂತೆ ಹಳೇ ಚೊಂಬು ಕವುಚಿದ್ದರು. ನನ್ನ ಟ್ರ್ಯಾಕ್ಟರಿಗೂ ನಾನು ಕವುಚುವುದು ಚೊಂಬನ್ನೇ. ಧರ್ಮಣ್ಣ 'ನೀನೇ ಹತ್ತು' ಅಂದರು. ಚೊಂಬು ತೆಗೆದಿಟ್ಟು, ಹತ್ತಿ ಸ್ಟಾರ್ಟ್ ಮಾಡಿದೆ. ಕೆಮ್ಮಿತು, ಕರಿ ಹೊಗೆ ಉಗುಳಿತು, ಹಿಡಿದುಕೊಂಡಿತು. ತಗಡೆಲ್ಲ ನಡುಗಿತು. ಖುಷಿಗೆ ನಾನು ಜೋರಾಗಿ ನಕ್ಕೆ. ಸೀಟು ಬಿಟ್ಟು ಇಳಿದು ಅವರಿಗೆ ಜಾಗ ಮಾಡಿದೆ.

ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಹಿಡಿಕೆ ಹಿಡಿದು, ಒಂದು ಕಾಲನ್ನು ಚೈನಿನ ಮೇಲಿಟ್ಟರು. ಇನ್ನೊಂದು ಕಾಲು ನೆಲ ಬಿಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. ಮುಖ ಬೆವರಿತು. ನಾನು ಸೊಂಟಕ್ಕೆ ಕೈ ಕೊಟ್ಟು ಎತ್ತಲು ಹೋದೆ.

'ಬೇಡ ಮಾರಾಯ' ಅಂದರು. ಇಂಜಿನ್ ಸದ್ದಿಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. ತಮ್ಮ ಕಾಲು ಇಳಿಸಿ, ಇಂಜಿನ್ ಆಫ್ ಮಾಡು ಅಂತ ಸನ್ನೆ ಮಾಡಿದರು. ಆಫ್ ಮಾಡಿದೆ. 'ನೀನು ಎತ್ತಿ ಕೂರಿಸ್ತಿ. ಕೂತ ಮೇಲೆ ಕ್ಲಚ್ ತುಳಿಯೋ ಕಾಲನ್ನು ಎಲ್ಲಿಂದ ತರ್ತಿ? ನೀನು ಕೈ ಎತ್ತಿದಾಗ ನಿಲ್ಲಿಸ್ಲಿಕ್ಕಾಗದೆ ನಿನ್ನ ಬೆನ್ನು ಮುರೀತೇನೆ ಅಷ್ಟೇ.' ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. 'ನಿಮಗೆ ಹೇಳ್ಲಿಕ್ಕೆ ಅವ್ರಿಗೆ ಬಾಯಿ ಬರ್ಲಿಲ್ಲ ಸೋಮಣ್ಣ' ಅಂದರು. ಚೊಂಬನ್ನು ಮತ್ತೆ ಕವುಚಿದವನು ನಾನೇ.

ತಿಂಡಿ ಮುಗಿಸಿ, ಅಲ್ಲಿಂದಲೇ ಮೈದಾನದ ಹುಡುಗರಿಗೆ ಫೋನ್ ಮಾಡಿ ಹಿಟಾಚಿ ತರಿಸಿಕೊಳ್ಳಿ ಅಂದೆ. ಪಾಪ, ಅವರು ನಗಲಿಲ್ಲ. ಬೇಡ ಬೇಡ ಅಂದರೂ ಧರ್ಮಣ್ಣ ಕೊಡೆ ಊರಿಕೊಂಡು ರಸ್ತೆವರೆಗೆ ಬಂದರು. ತಂತಿಹಗ್ಗದ ಗೋಣಿಯನ್ನು ಇಲ್ಲೇ ಬಿಟ್ಟು ಹೋಗ್ತೇನೆ ಅಂದಾಗ ಸಿಟ್ಟು ಮಾಡಿದರು. 'ತಗೊಂಡು ಹೋಗಿ ಹಾಕು. ರೋಪಿಲ್ಲದೆ ಬೌಲನ್ನು ಮಳೆಗೆ ನೆಲದಲ್ಲಿ ಬಿಡ್ತೀಯಾ? ತುಕ್ಕು ಹಿಡೀತದೆ.'

ಬಸ್ಸು ಬಂತು. ಎಡಗಡೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಧರ್ಮಣ್ಣ ಹೊರಗಿನಿಂದ ಬಸ್ಸಿನ ಮೈಗೆ ಅಂಗೈ ಒತ್ತಿ ಹಿಡಿದು ನಿಂತಿದ್ದರು. 'ಮಳೆ ಕಳೆದ ಮೇಲೆ ಬಾ' ಅಂದರು. ಬಸ್ಸು ಹೊರಡುವಾಗ ಎಲ್ಲರೂ ಮಾಡುವ ಹಾಗೆ ಕಿಟಕಿಯಿಂದ ಕೈ ಎತ್ತಿಬಿಟ್ಟೆ. ಎಡಗೈ.

ಅವರು ಆ ಕ್ಷಣವೇ ಅಂಗೈ ತೆಗೆದು, ಕೊಡೆಯನ್ನೂ ಊರದೆ, ನೆಟ್ಟಗೆ ಹಿಂದಕ್ಕೆ ಸರಿದು ನಿಂತರು. ನಾನು ಕೈ ಇಳಿಸುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು. ಬೌಲ್ ತುಂಬಿಲ್ಲ ಧರ್ಮಣ್ಣ, ಅಂತ ಕೂಗಬೇಕು ಅನ್ನಿಸಿತು. ತಿರುವಿನವರೆಗೂ ಕುತ್ತಿಗೆ ಹೊರಳಿಸಿ ನೋಡಿದೆ. ಅವರು ಸರಿದಲ್ಲೇ ನಿಂತಿದ್ದರು.