ತೊಗರಿಬೇಳೆಯ ಡಬ್ಬಿಯಲ್ಲಿ ಹೋದದ್ದು

ಬೇಳೆ ಕೊಳ್ಳುವಾಗ ಚೀಲದ ತಳದವರೆಗೆ ಕೈ ಹಾಕಿ ಒಂದು ಹಿಡಿ ಮೇಲೆತ್ತಿ ನೋಡುವುದು ನಮ್ಮ ಕಡೆಯ ಹೆಂಗಸರ ರೂಢಿ. ಸೇಡಂ ಸಂತೆಯಲ್ಲಿ ಮೇಲೆ ಹೊಳೆಯುವ ಕಾಳು, ಕೆಳಗೆ ನುಸಿ ಹಿಡಿದದ್ದು ಇಟ್ಟು ಮಾರುವವರಿಗೇನೂ ಕಡಿಮೆಯಿಲ್ಲ. ಆ ರೂಢಿಯನ್ನು ನಾನು ಒಮಾನಿಗೂ ತಂದೆ.

ನನ್ನ ಯಜಮಾನರು ವಾಡಿಯಲ್ಲಿ ಸಿಮೆಂಟ್ ಭಟ್ಟಿಯ ಕೆಲಸ ಕಲಿತವರು. ಅದೇ ಕೆಲಸಕ್ಕೆ ಇಲ್ಲಿಯ ಕಾರ್ಖಾನೆ ಕರೆಸಿಕೊಂಡಿತು. ಕೂಸು ಹುಟ್ಟಿದ ಮೇಲೆ ನಾನೂ ಬಂದೆ. ಕಾರ್ಖಾನೆಯ ಬಸ್ಸು ವಾರಕ್ಕೊಮ್ಮೆ ನಮ್ಮನ್ನು ಪಟ್ಟಣದ ದೊಡ್ಡ ಅಂಗಡಿಗೆ ಕರೆದೊಯ್ಯುತ್ತದೆ. ಅಲ್ಲಿ ಎದೆಮಟ್ಟದ ಡಬ್ಬಿಗಳಲ್ಲಿ ಬೇಳೆ ಕಾಳು ತುಂಬಿಟ್ಟಿರುತ್ತಾರೆ. ಆ ದಿನ ಕೂಸನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ತೊಗರಿಬೇಳೆಯಲ್ಲಿ ತೋಳಿನವರೆಗೆ ಇಳಿಸಿ, ಬಗ್ಗಿ ತಳದ ಬೇಳೆ ತೆಗೆದೆ. ಚೆನ್ನಾಗಿತ್ತು. ಇಷ್ಟು ದೂರದಲ್ಲಿ ನಮ್ಮೂರಿನಂಥ ಬೇಳೆ ಸಿಕ್ಕಿತಲ್ಲ ಎಂದು ಶಿವನಿಗೆ ಮನಸ್ಸಿನಲ್ಲೇ ಕೈ ಮುಗಿದು ತುಂಬಿಸಿಕೊಂಡೆ.

ಮನೆಗೆ ಬಂದು ಕೂಸಿಗೆ ಹಾಲು ಕೊಡಲು ಕುಳಿತೆ. ಹಾಲು ಕುಡಿಯುವಾಗ ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುವುದು ಅದರ ಚಾಳಿ. ಆ ಹೊತ್ತು ಅದರ ಕೈ ನನ್ನ ಎದೆಯ ಮೇಲೆ ಅತ್ತಿತ್ತ ಆಡಿತು, ಏನೂ ಸಿಗಲಿಲ್ಲ. ನಾನು ಕೊರಳು ಮುಟ್ಟಿ ನೋಡಿಕೊಂಡೆ. ಬೆವರಿಗೆ ನವೆದ ಶಿವದಾರದ ತುಂಡೊಂದು ರವಿಕೆಯೊಳಗೆ ಅಂಟಿಕೊಂಡಿತ್ತು. ಕರಡಿಗೆ ಇರಲಿಲ್ಲ. ಅದರೊಳಗಿನ ಲಿಂಗವೂ ಇರಲಿಲ್ಲ.

ಗುರು ಕೊಟ್ಟ ಲಿಂಗ ಮೈಮೇಲಿಂದ ಹೋದರೆ, ಅದು ಸಿಗುವವರೆಗೆ ಅನ್ನ ನೀರು ಮುಟ್ಟಬಾರದು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ನಮ್ಮವ್ವ ಹಾಗೆ ನಡೆದಳು, ಅತ್ತೆ ಹಾಗೆ ನಡೆದರು, ನಾನೂ ಹಾಗೆ. ಊರಾಗಿದ್ದರೆ ಇಡೀ ಓಣಿ ಹುಡುಕಲು ನಿಲ್ಲುತ್ತಿತ್ತು. ಇಲ್ಲಿ ನಾನು ಹಾಸಿಗೆ ಕೊಡವಿದೆ, ಬೇಳೆಯ ಚೀಲವನ್ನು ಟೈಲ್ಸಿನ ಮೇಲೆ ಸುರುವಿ ಬೆರಳಾಡಿಸಿದೆ, ಬಚ್ಚಲಿನ ಜಾಲರಿ ಎತ್ತಿ ನೋಡಿದೆ.

ಚಿತ್ತಾಪುರದಲ್ಲಿರುವ ಅತ್ತೆಗೆ ಫೋನ್ ಮಾಡಿ, ಅಂಗಡಿಯಲ್ಲಿ ಬೇಳೆಗೆ ಬಗ್ಗಿದಾಗಲೇ ಬಿದ್ದಿರಬೇಕೆಂದು ಹೇಳಿದೆ.

“ಬ್ಯಾಳಿ ಡಬ್ಬ್ಯಾಗ ಮೊಣಕೈ ಮಟ ಕೈ ಹಾಕ್ದೆನು? ಅದೇನು ನಿಮ್ಮ ಸೇಡಂ ಸಂತಿ ಅಂತ ತಿಳದಿದ್ದಿ?” ಅಂದರು. ಆಮೇಲೆ, “ನೀರು ಕುಡದಿ?”

“ಇಲ್ರಿ ಅತ್ತಿ.”

“ಕೂಸು?”

“ಅದಕ್ಕ ಕೊಟ್ಟೀನ್ರಿ.”

ಫೋನ್ ಕಟ್ಟಾಯಿತೋ ಅವರೇ ಇಟ್ಟರೋ ತಿಳಿಯಲಿಲ್ಲ.

ಯಜಮಾನರು ಪಾಳಿ ಮುಗಿಸಿ ಬರುವಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಗಿತ್ತು. “ನೀರರ ಕುಡಿಯೇ, ನಾಳೆ ಹೋಗೋಣಂತ” ಎಂದು ಲೋಟ ಹಿಡಿದುಕೊಂಡೇ ನಿಂತರು. ನಾನು ಒಲ್ಲೆನೆಂದು ತಲೆಯಾಡಿಸಿದೆ. ಅವರು ಬಯ್ಯಲಿಲ್ಲ. ತಮ್ಮ ತಾಟನ್ನೂ ಹಾಗೇ ಮುಚ್ಚಿಟ್ಟರು. ಅಂಥ ಗಂಡನನ್ನು ಕೊಟ್ಟದ್ದಕ್ಕೂ ಶಿವನನ್ನು ನೆನೆದೆ. ಆದರೆ ನೆನೆಯುವಾಗ ಲಿಂಗ ಹಿಡಿಯುವ ಅಂಗೈ ಖಾಲಿಯಿತ್ತು.

ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ಯಜಮಾನರಿಗೆ ಪಾಳಿಯಿತ್ತು, ನಮ್ಮನ್ನು ಬಿಟ್ಟು ಹೋಗಲೇಬೇಕಾಯಿತು. ಒಳಗೆ ಒಬ್ಬ ಹುಡುಗಿಗೆ ನನ್ನ ಕೊರಳು ತೋರಿಸಿ, ಬೆರಳಲ್ಲಿ ದುಂಡಗೆ ಆಕಾರ ಮಾಡಿ, ಹೋಯಿತು ಎಂದು ಕೈ ಬೀಸಿದೆ. ಅವಳು ನಗುನಗುತ್ತ ಕೈ ಹಿಡಿದು ಕರೆದೊಯ್ದು ಸರಗಳನ್ನು ತೂಗುಹಾಕಿದ್ದ ಗೋಡೆಯ ಮುಂದೆ ನಿಲ್ಲಿಸಿದಳು. ಒಂದೊಂದೇ ತೆಗೆದು ನನ್ನ ಕೊರಳಿಗೆ ಹಿಡಿದು ಚಂದ ಕಾಣುತ್ತದೆ ಎಂಬಂತೆ ಕಣ್ಣರಳಿಸಿದಳು. ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಕೂಸು ಎದೆಗೆ ಬಾಯಿ ಹಚ್ಚಿ, ಬಿಟ್ಟು, ಮತ್ತೆ ಹಚ್ಚಿ ಕಿರುಚುತ್ತಿತ್ತು. ಹಾಲು ಇಳಿಯುತ್ತಿರಲಿಲ್ಲ. ಅದನ್ನು ಯಾರಿಗೆ, ಯಾವ ಮಾತಿನಲ್ಲಿ ಹೇಳಲಿ? “ಶಿವಾ, ಇದಕ್ಕರ ಏನರ ದಾರಿ ಮಾಡೋ” ಎಂದು ಜೋರಾಗಿಯೇ ಅತ್ತುಬಿಟ್ಟೆ.

ಅಕ್ಕಿಚೀಲ ಜೋಡಿಸುತ್ತಿದ್ದ ನರೆಗಡ್ಡದ ಮನುಷ್ಯ ತಿರುಗಿ ನೋಡಿದ.

“ಯಾಕ್ರಿ ಅಮ್ಮಾ? ಯಾವೂರ್ರಿ ನಿಮ್ದು?”

ಕನ್ನಡ ಕೇಳಿ ನನಗೆ ಇನ್ನಷ್ಟು ಅಳು ಬಂತು. ಅವರು ತಾಂಡೂರಿನ ಸಾಬರು. ಸೇಡಂ ದಾಟಿದರೆ ಅವರ ಊರು. ತಡವರಿಸುತ್ತ ಎಲ್ಲ ಹೇಳಿದೆ.

“ಲಿಂಗದ ಕರಡಿಗಿ ಹೌದಲ್ರಿ? ನಮ್ಮ ಓಣ್ಯಾಗ ನಿಮ್ಮವರ ಮನಿ ಭಾಳ ಅವ. ಫಿಕರ್ ಮಾಡಬ್ಯಾಡ್ರಿ, ಕುಂದ್ರಿ” ಎಂದು ಹೋದವರು ಕೈ ತೊಳೆದುಕೊಂಡು ಬಂದರು. ಹೊಸ ಬಿಳಿ ಹಾಳೆ ಹಾಸಿ ಆ ಡಬ್ಬಿಯ ಬೇಳೆಯನ್ನೆಲ್ಲ ಸುರುವಿದರು. ನಾನು ಒಂದು ಕಡೆ, ಅವರು ಒಂದು ಕಡೆ, ಬೆರಳಿನಿಂದ ಸರಿಸುತ್ತ ಸರಿಸುತ್ತ ಹೋದೆವು. ಹಳದಿ ಬೇಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಯಾರನ್ನೋ ಕೇಳಿ ಬಂದು ನನ್ನ ಮುಖ ನೋಡದೆ ಹೇಳಿದರು:

“ನಿನ್ನಿ ಸಂಜಿಗಿ ಡಬ್ಬಿ ಖಾಲಿ ಆಗಿತ್ತಂತ್ರಿ ಅಮ್ಮಾ. ಇದು ಹೊಸಾ ಮಾಲು.”

ಯಾರ ಮನೆಯ ಡಬ್ಬಿಗೆ ಹೋಯಿತೋ, ಯಾವ ಕಸದಲ್ಲಿ ಬಿತ್ತೋ. ಕೂಸು ಅತ್ತು ಅತ್ತು ದನಿ ಹೋಗಿ ಬರೀ ಬಾಯಿ ತೆರೆಯುತ್ತಿತ್ತು. ಸಾಬರು ಒಂದು ನೀರಿನ ಬಾಟಲಿ ತಂದು ನನ್ನ ಪಕ್ಕದಲ್ಲಿಟ್ಟರು. “ಕುಡೀರಿ” ಅನ್ನಲಿಲ್ಲ. ಇಟ್ಟು, ಬೆನ್ನು ತಿರುಗಿಸಿ ಬೇಳೆ ತುಂಬತೊಡಗಿದರು.

ನಾನು ಕೂಸಿನ ಬಾಯಿ ನೋಡಿದೆ. ಬಾಟಲಿ ತೆರೆದು ಕುಡಿದೆ. ಅರ್ಧ ನೀರು ಕಣ್ಣೀರೇ ಆಗಿತ್ತೋ ಏನೋ, ಉಪ್ಪುಪ್ಪಾಗಿತ್ತು. ನನ್ನ ಹಿಂದಿನವರು ಯಾರೂ ಮಾಡದ ಕೆಲಸ ಮಾಡುತ್ತಿದ್ದೇನೆಂದು ಗೊತ್ತಿತ್ತು. ಆದರೂ ಪೂರ್ತಿ ಕುಡಿದೆ. ಸೆರಗು ಮುಚ್ಚಿಕೊಂಡು ಅಕ್ಕಿಚೀಲಗಳ ಮರೆಯಲ್ಲಿ ಕುಳಿತೆ. ಭಾಳ ಹೊತ್ತಿನ ಮೇಲೆ ಕೂಸು ಗುಟುಕರಿಸುವ ಸಪ್ಪಳ ಕೇಳಿತು.

ಅತ್ತೆಗೆ ಫೋನ್ ಹಚ್ಚಿ ಹೇಳಿಬಿಟ್ಟೆ. “ಸಿಗಲಿಲ್ರಿ. ನಾ ನೀರು ಕುಡದೀನ್ರಿ ಅತ್ತಿ.”

ಬೈಗುಳಕ್ಕೆ ಕಾದೆ.

“ಹಾಲು ಬಂತೇನು?” ಅಂದರು.

“ಬಂತ್ರಿ.”

“ಹಂಗಾದ್ರ ಮನಿಗಿ ಹೋಗಿ ಊಟಾನೂ ಮಾಡು.” ಅವರ ಮಾತೂ ಒಣಗಿದ ಬಾಯಿಂದ ಬಂದಂತಿತ್ತು. ನಿನ್ನೆಯಿಂದ ಅವರೂ ಏನೂ ತಿಂದಿಲ್ಲವೆಂದು ನನಗೆ ಆಗ ಹೊಳೆಯಿತು.

ಹೊಸ ಲಿಂಗವನ್ನು ಕೊರಿಯರಿನಲ್ಲಿ ತರಿಸಿಕೊಳ್ಳಲು ಬರುವುದಿಲ್ಲ. ಗುರುವಿನ ಎದುರು ಕುಳಿತು, ಅವರ ಕೈಯಿಂದ ನನ್ನ ಕೈಗೆ ಬರಬೇಕು. ಯಜಮಾನರಿಗೆ ರಜೆ ಸಿಗುವುದು ಬರುವ ವರ್ಷ. ಅಲ್ಲಿಯವರೆಗೆ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈ ತೆರೆದು ಕೂರುತ್ತೇನೆ. ಅದರ ಮೇಲೆ ನೀರು ಹನಿಸಿದರೆ ಬೆರಳ ಸಂದಿಯಿಂದ ಸೋರಿ ಹೋಗುತ್ತದೆ. ಕೆಲವು ದಿನ ಇದೂ ಪೂಜೆಯೇ ಅನ್ನಿಸುತ್ತದೆ, ಭಾಳ ದಿನ ಅನ್ನಿಸುವುದಿಲ್ಲ. ಅತ್ತೆ ಫೋನಿನಲ್ಲಿ ಮೊದಲು ಕೇಳುವುದು, “ಪೂಜಾ ಆಯ್ತೇನವ್ವಾ?” ಅಂತ.

“ಆಯ್ತ್ರಿ” ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ಅವರೂ ಕೇಳುವುದಿಲ್ಲ.